ಅವರೆ ಕಾಲದ ಬಾಡು

ಮಾರ್ಗಶಿರ ಬಂತೆಂದರೆ ನಮ್ಮ ಮನೆಯಲ್ಲಿ ಇವತ್ತೇನು ಸಾರು ಎಂದು ಯಾರೂ ಕೇಳುವುದಿಲ್ಲ. ಹಿತ್ತಿಲ ಬೇಲಿಗೆ ಹಬ್ಬಿದ ಅವರೆ ಬಳ್ಳಿ ಆಗಲೇ ತೀರ್ಮಾನ ಮಾಡಿಬಿಟ್ಟಿರುತ್ತದೆ. ಬೆಳಿಗ್ಗೆ ಅವರೆಕಾಳು ಉಪ್ಪಿಟ್ಟು, ಮಧ್ಯಾಹ್ನ ಮುದ್ದೆಗೆ ಅವರೆಕಾಳು ಸಾರು, ರಾತ್ರಿಗೆ ಅದೇ ಸಾರು ಇನ್ನಷ್ಟು ಕುದ್ದು ಗಟ್ಟಿಯಾದದ್ದು. ಬೆಂಗಳೂರಿನ ಅವರೆಬೇಳೆ ಮೇಳದಲ್ಲಿ ಜನ ಸಾಲು ನಿಂತು, ದುಡ್ಡು ಕೊಟ್ಟು, ಅವರೆ ಜಿಲೇಬಿ ತಿನ್ನುತ್ತಾರೆ ಎಂದು ಅವ್ವನಿಗೆ ಹೇಳಿದೆ. ಅವಳು ಸೋಸುತ್ತಿದ್ದ ಕಾಯಿಯಿಂದ ತಲೆ ಎತ್ತದೆ, "ಪಾಪ, ಅವ್ರ ಮನೇಲೂ ಬಳ್ಳಿ ಜಾಸ್ತಿ ಬಿಟ್ಟಿರ್ಬೇಕು ಕಣ್ಲಾ" ಎಂದಳು.

ಈ ಬಳ್ಳಿಯ ಜಾತಕವೇ ಬೇರೆ. ಮಳೆಗಾಲದಲ್ಲಿ ಊರಿದ ಕಾಳು ತಿಂಗಳುಗಟ್ಟಲೆ ಬರೀ ಎಲೆ ಹರಡಿಕೊಂಡು ಕೂತಿರುತ್ತದೆ, ಬಡ್ತಿಗೆ ಕಾದ ಗುಮಾಸ್ತನ ಹಾಗೆ. ಗೊಬ್ಬರ ಹಾಕಿ, ಬೈಯಿರಿ, ಊಹೂಂ. ಹಗಲು ಕುಗ್ಗಿ ಇರುಳು ಹಿಗ್ಗಿದ ಮೇಲೇ ಅದಕ್ಕೆ ಹೂ ಬಿಡುವ ಮನಸ್ಸಾಗುವುದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಇದರ ಹಟ ಮುರಿದು, ಹಗಲಿನ ಉದ್ದವನ್ನು ಲೆಕ್ಕಕ್ಕೇ ಇಟ್ಟುಕೊಳ್ಳದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಎಂಬ ತಳಿಗಳನ್ನು ಕೊಟ್ಟರು. ಈಗ ಬೇಸಿಗೆಯಲ್ಲೂ ಅವರೆಕಾಯಿ ಸಿಗುತ್ತದೆ. ರೈತನಿಗೆ ಒಳ್ಳೆಯದೇ ಆಯಿತು. ಆದರೆ ಸೊಗಡು? ಕಾಯಿ ಸುಲಿದರೆ ಬೆರಳಿಗೆ ಜಿಡ್ಡು ಅಂಟಬೇಕು. ಸೋಪು ಹಾಕಿ ತೊಳೆದರೂ ಆ ವಾಸನೆ ರಾತ್ರಿ ಹೊದ್ದ ಕಂಬಳಿಗೂ ಬರಬೇಕು. ಇಬ್ಬನಿ ಬಿದ್ದಷ್ಟೂ ಸೊಗಡು ಎಂಬುದು ನಮ್ಮೂರವರ ಶಾಸ್ತ್ರ. ಏಪ್ರಿಲ್ ತಿಂಗಳ ಅವರೆಗೆ ಆ ಶಾಸ್ತ್ರ ಓದಿಸಿದವರಾರು?

ಹಿತುಕಿದ ಬೇಳೆಯ ವಿಷಯದಲ್ಲಿ ನನ್ನ ಯೋಗ್ಯತೆ ಮನೆಯವರಿಗೆಲ್ಲ ಗೊತ್ತಿದೆ. ನೆನೆದ ಕಾಳನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದು ತುಸು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಬಟ್ಟಲಿಗೆ ಜಾರಬೇಕು. ಅವ್ವ ಧಾರಾವಾಹಿ ನೋಡುತ್ತಲೇ ಸೇರುಗಟ್ಟಲೆ ಹಿತುಕುತ್ತಾಳೆ. ನಾನು ಒತ್ತಿದ ಬೇಳೆ ಮಾತ್ರ ಬಟ್ಟಲೊಂದನ್ನು ಬಿಟ್ಟು ಎಲ್ಲ ಕಡೆಗೂ ಹೋಗುತ್ತದೆ. ಒಮ್ಮೆ ನೆಟ್ಟಗೆ ಟೀವಿಯೊಳಗಿನ ಅತ್ತೆಯ ಹಣೆಗೇ ಬಡಿಯಿತು. ಧಾರಾವಾಹಿಯ ಸೊಸೆ ಎಷ್ಟೋ ಕಂತುಗಳಿಂದ ಮಾಡಲಾಗದ್ದನ್ನು ನಾನು ಮಾಡಿದೆನೆಂದು ನನ್ನ ಹೆಂಡತಿ ಬಹಳ ಸಂತೋಷಪಟ್ಟಳು.

ಇನ್ನು ಬಾಡಿನ ಮಾತು. ಸೋಮವಾರ ಶಿವನಿಗೆ, ಶನಿವಾರ ವೆಂಕಟರಮಣನಿಗೆ ಎಂದು ಬಿಟ್ಟುಕೊಟ್ಟ ಮೇಲೆ ನಮಗೆ ಉಳಿಯುವುದು ಭಾನುವಾರ. ಕಾರ್ತಿಕವಿಡೀ ಬಾಯಿ ಕಟ್ಟಿದ್ದವರಂತೂ ಮಾರ್ಗಶಿರದ ಮೊದಲ ಭಾನುವಾರವನ್ನು ಎದುರು ನೋಡುತ್ತಿರುತ್ತಾರೆ. ಅವತ್ತು ಕೇರಿಯವರೆಲ್ಲ ಸೇರಿ ಪಕ್ಕದ ಹಟ್ಟಿಯಲ್ಲಿ ಮೇಯಿಸಿದ ಒಂದು ಕುರಿ ತಂದು ಗುಡ್ಡೆ ಹಾಕಿಸುತ್ತೇವೆ. ಬಾಳೆ ಎಲೆಯ ಮೇಲೆ ಸಾಲಾಗಿ ಗುಡ್ಡೆಗಳು. ತೊಡೆ, ಪಕ್ಕೆ, ಲಿವರ್, ಬೋಟಿ, ಒಂದು ಚೂರು ಕೊಬ್ಬು ಎಲ್ಲ ಗುಡ್ಡೆಗೂ ಬೀಳಬೇಕು. ನನಗೆ ಬರೀ ತೊಡೆ ಕೊಡಿ ಎನ್ನಲು ಅದು ಅಂಗಡಿಯಲ್ಲ. ಆಮೇಲೆ ಒಬ್ಬ ಬೆನ್ನು ತಿರುಗಿಸಿ ನಿಲ್ಲುತ್ತಾನೆ, ಇನ್ನೊಬ್ಬ ಒಂದು ಗುಡ್ಡೆ ಮುಟ್ಟಿ "ಇದ್ಯಾರ್ದು?" ಎನ್ನುತ್ತಾನೆ; ಬೆನ್ನು ತಿರುಗಿಸಿದವನು ಯಾರ ಹೆಸರು ಹೇಳುತ್ತಾನೋ ಅವರದು. ಇಷ್ಟು ನ್ಯಾಯವಾಗಿ ಹಂಚಿದರೂ ಪಕ್ಕದ ಮನೆಯ ಗುಡ್ಡೆ ನಮ್ಮದಕ್ಕಿಂತ ಒಂದು ನಲ್ಲಿ ಮೂಳೆ ಎತ್ತರವಾಗಿಯೇ ಕಾಣುತ್ತದೆ.

ನಮ್ಮ ಸೀಮೆಯ ಕುರಿಯೆಂದರೆ ಬಂಡೂರು ಕುರಿ. ಮಳವಳ್ಳಿ ತಾಲ್ಲೂಕಿನ ಬಂಡೂರು ತನ್ನದೆನ್ನುತ್ತದೆ, ಬನ್ನೂರು ತನ್ನದೆನ್ನುತ್ತದೆ. ಸರ್ಕಾರಿ ಪುಸ್ತಕಗಳು ಮಂಡ್ಯ ತಳಿ ಎಂದು ಬರೆದು ಜಗಳದಿಂದ ದೂರ ಉಳಿದಿವೆ. ಗಿಡ್ಡ ಕಾಲು, ಕೊಂಬಿಲ್ಲದ ತಲೆ, ಹಿಂದಿನಿಂದ ನೋಡಿದರೆ ಇಂಗ್ಲಿಷಿನ ಯು ಅಕ್ಷರ ತಲೆಕೆಳಗಾದ ಆಕಾರ. ಬೆಳೆದ ಟಗರೂ 35 ಕೆ.ಜಿ. ಆಸುಪಾಸು ಅಷ್ಟೇ, ಆದರೆ ಮಾಂಸ ಮೆದು. ಹೆದ್ದಾರಿಯುದ್ದಕ್ಕೂ ಮಾರುವುದೆಲ್ಲ ಬಂಡೂರು ಕುರಿಯೇ ಆಗಿದ್ದರೆ ನಮಗೆ ಹೊಲಕ್ಕೆ ಹೋಗಲು ದಾರಿಯೇ ಇರುತ್ತಿರಲಿಲ್ಲ, ಅಷ್ಟು ಕುರಿ ನಿಂತಿರುತ್ತಿದ್ದವು.

ಗುಡ್ಡೆಯಲ್ಲಿ ಬಂದ ತೊಡೆಯನ್ನು ಯಾರು ಬೇಕಾದರೂ ಬೇಯಿಸಬಹುದು. ಬೋಟಿಗೆ ಕೈ ಬೇಕು, ತಾಳ್ಮೆಯೂ ಬೇಕು. ಬಿಸಿನೀರಲ್ಲಿ ಅದ್ದಿ, ಕೆರೆದು, ಕರುಳನ್ನು ಒಳಮೈ ಹೊರಗೆ ಮಾಡಿ ತೊಳೆದು, ಮತ್ತೆ ತೊಳೆದು, ಅರಿಶಿನ ಹಾಕಿ ಬೇಯಿಸಿ ನೀರು ಚೆಲ್ಲಬೇಕು. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಚಕ್ಕೆ, ಲವಂಗ, ದನಿಯ, ಕಾಯಿ ರುಬ್ಬಿದ ಖಾರ ಬಿದ್ದು ಕುದಿಯುವಾಗ, ಕಡೆಗೆ ಹಿತುಕಿದ ಬೇಳೆ. ಮೊದಲೇ ಹಾಕಿದರೆ ಕರಗಿ ಹೋಗುತ್ತದೆ. ಬೇಳೆ ಬೆಂದಿರಬೇಕು, ನುಣ್ಣಗಾಗಿರಬಾರದು. ಗೊಜ್ಜು ಮುದ್ದೆಯ ತುತ್ತಿಗೆ ಮೆತ್ತಿಕೊಳ್ಳಬೇಕು, ತಟ್ಟೆಯಲ್ಲಿ ಹರಿದಾಡಬಾರದು.

ಈ ಗೊಜ್ಜಿನ ವಾಸನೆ ಮೈಸೂರಿನ ನಮ್ಮ ಸೋದರಮಾವನವರಿಗೆ ಹೇಗೆ ತಲುಪುತ್ತದೋ, ಆ ಭಾನುವಾರ ಮಧ್ಯಾಹ್ನ ಬಾಗಿಲಲ್ಲಿರುತ್ತಾರೆ. ಮೊದಲ ತುತ್ತಿಗೇ ಕಣ್ಣು ಮುಚ್ಚಿ, "ಅಕ್ಕಾ, ಇದು ಬಂಡೂರು ಕುರಿ ಅಲ್ಲವೇ ಅಲ್ಲ, ನಾರು ಜಾಸ್ತಿ" ಎಂದು ತೀರ್ಪು ಕೊಟ್ಟು ಮೂರನೆಯ ಸಲ ಬಡಿಸಿಕೊಳ್ಳುತ್ತಾರೆ.

ಅವ್ವ ಅವರ ತಟ್ಟೆಯನ್ನೇ ನೋಡುತ್ತಿದ್ದಳು. "ಬಂಡೂರೋ ಬನ್ನೂರೋ ಆಮೇಲಾಯ್ತದೆ ಬುಡು. ಬಾಡೆಲ್ಲ ಆಯ್ಕೊಂಡು ಬೇಳೆ ಪಕ್ಕಕ್ಕೆ ತಳ್ಳಿದ್ದೀಯಲ್ಲ, ಅದ್ನ ಯಾರು ಉಂಡಾರು?"