ಬೆತ್ತೋತ್ತರ ಯುಗದಲ್ಲಿ ಗುರುಸ್ವರೂಪ ನಿರ್ಣಯ

ಕಾಲಕ್ಕೆ ತಕ್ಕಂತೆ ಮೇಷ್ಟರು ಬದಲಾಗುತ್ತಾರೋ, ಮೇಷ್ಟರು ಬದಲಾದ ಮೇಲೆ ಕಾಲ ಬದಲಾಯಿತೆಂದು ಇಲಾಖೆ ಸುತ್ತೋಲೆ ಹೊರಡಿಸುತ್ತದೋ ಎಂಬುದು ವಿದ್ವಾಂಸರಲ್ಲಿ ಇನ್ನೂ ತೀರದ ವಿವಾದ. ಪ್ರಸ್ತುತ ಪ್ರಬಂಧವು ಆ ಗೋಜಿಗೆ ಹೋಗದೆ, ಸರ್ಕಾರಿ ಪ್ರಾಥಮಿಕ ಶಾಲೆಯೊಂದರ ಕಿಟಕಿಯಾಚೆ ನಿಂತು ಕಂಡದ್ದನ್ನಷ್ಟೇ ಪ್ರಮಾಣವೆಂದು ಸ್ವೀಕರಿಸುತ್ತದೆ.

ಬೆತ್ತಯುಗವು 2009ರ ಶಿಕ್ಷಣ ಹಕ್ಕು ಕಾಯ್ದೆಯ, ಮಕ್ಕಳನ್ನು ಹೊಡೆಯಬಾರದೆನ್ನುವ 17ನೇ ಸೆಕ್ಷನ್ನಿನೊಂದಿಗೆ ಮುಗಿಯಿತು. ಆದರೆ ಬೆತ್ತ ಅಳಿಯಲಿಲ್ಲ; ಈಗ ಅದು ಭೂಪಟದಲ್ಲಿ ತುಂಗಭದ್ರೆಯನ್ನು ತೋರಿಸುತ್ತದೆ. ತೋರಿಸುವಾಗ ಒಮ್ಮೊಮ್ಮೆ ಹಿಂದಿನ ಸಾಲಿನ ಕಡೆ ತಿರುಗುವುದನ್ನು ಪೂರ್ವಜನ್ಮದ ವಾಸನೆ ಎಂದು ತಿಳಿಯಬೇಕು. ಈ ಕಾಯ್ದೆಗೂ ಮುಂಚೆ, 1995ರಲ್ಲಿ, ಹೆಗ್ಗಡದೇವನಕೋಟೆಯ ಮೇಷ್ಟರುಗಳು ರಿಷಿವ್ಯಾಲಿ ಶಾಲೆಯಲ್ಲಿ ನೋಡಿಬಂದದ್ದನ್ನು ನಲಿ-ಕಲಿ ಎಂಬ ಚಟುವಟಿಕೆಯ ಕಲಿಕೆಯಾಗಿ ಶುರುಮಾಡಿ, ಕುರ್ಚಿ ಬಿಟ್ಟು ಮಕ್ಕಳ ಜೊತೆ ನೆಲಕ್ಕೆ ಕೂತಿದ್ದರು. ಮಗು ಕಲಿಕಾ ಏಣಿ ಏರುತ್ತದೆ, ಮೇಷ್ಟರ ಮಂಡಿನೋವೂ ಏರುತ್ತದೆ; ಎರಡನೆಯದಕ್ಕೆ ಏಣಿಯಲ್ಲಿ ಮೈಲಿಗಲ್ಲಿಲ್ಲ. (ನಲಿ-ಕಲಿ ನಿಜಕ್ಕೂ ಒಳ್ಳೆಯ ಕೆಲಸ. ಅಣಕದಲ್ಲಿ ಹಾಗೆ ಹೇಳುವುದು ಶಾಸ್ತ್ರಸಮ್ಮತವಲ್ಲವಾದ್ದರಿಂದ ಕಂಸದಲ್ಲಿದೆ.)

ಬೋಧನೆಯನ್ನು ಆಧುನಿಕ ಕಲಿಕಾರ್ಥಿಯ ಅಗತ್ಯಕ್ಕೆ ಹೊಂದಿಸತಕ್ಕದ್ದು ಎಂದು ಎಲ್ಲ ತರಬೇತಿಗಳಲ್ಲೂ ಹೇಳುತ್ತಾರೆ. ಯಾರು ಈ ಕಲಿಕಾರ್ಥಿ? ಬೆಳಿಗ್ಗೆ ಮೇಷ್ಟರು ಮೊದಲು ಯಾರ ಮುಖ ನೋಡುತ್ತಾರೋ, ಯಾರು ಸುಮ್ಮನಾದರೆ ಕಂಗಾಲಾಗುತ್ತಾರೋ, ಮಕ್ಕಳು ಉಣ್ಣುವ ಮೊದಲೇ ಯಾರಿಗೆ ಬಿಸಿಯೂಟದ ಲೆಕ್ಕ ಒಪ್ಪಿಸುತ್ತಾರೋ, ಅವನೇ. ಈ ಲಕ್ಷಣಗಳನ್ನು ಮಕ್ಕಳಿಗೆ ಹಚ್ಚಿ ನೋಡಿದೆವು, ಹೊಂದಲಿಲ್ಲ. ಮಕ್ಕಳ ಲೆಕ್ಕವಿಡುವ ಇಲಾಖೆಯ ಸ್ಯಾಟ್ಸ್ ತಂತ್ರಾಂಶಕ್ಕೂ ವಾಟ್ಸಾಪ್ ಗ್ರೂಪಿಗೂ ಒಡನೆ ಹೊಂದಿದವು. ಆದ್ದರಿಂದ ಆಧುನಿಕ ಕಲಿಕಾರ್ಥಿ ಮೊಬೈಲೇ ಎಂಬುದು ಸಿದ್ಧಾಂತ.

ನಿದರ್ಶನ: ಮೂರನೇ ತರಗತಿಯ ಹುಡುಗಿ ಸಸಿಗೆ ನೀರು ಹಾಕಿದಳು. "ಬ್ಲರ್ ಆಯ್ತಲ್ಲೇ, ಇನ್ನೊಂದ್ಸಲ ಹಾಕವ್ವ" ಎಂದರು ಮೇಡಂ. ಹಾಕಿದಳು. ಫೋಟೋದಲ್ಲಿ ದಿನಾಂಕ ಕಾಣುತ್ತಿಲ್ಲವೆಂದು ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಗ್ರೂಪಿನಲ್ಲಿ ತಿಳಿಸಿದರು. ಮತ್ತೆ ಹಾಕುವಾಗ ಹುಡುಗಿ ದಿನಾಂಕ ಬರೆದ ಸ್ಲೇಟನ್ನು ಎಡಗೈಯಲ್ಲಿ ಹಿಡಿದು, ಯಾರೂ ಹೇಳದೆಯೇ ಬೆಳಕಿಗೆ ಮುಖ ಮಾಡಿ ನಿಂತಳು. ಕಲಿಕಾ ಫಲ ಸಿದ್ಧಿಸಿತು. ಸಸಿಯ ಬುಡ ಕೊಳೆಯಿತು.

ಇಲ್ಲೊಂದು ಆಕ್ಷೇಪ: ಕೋವಿಡ್‌ನಿಂದ ಶಾಲೆ ಮುಚ್ಚಿದ್ದ 2020ರ ವಿದ್ಯಾಗಮ ಯೋಜನೆಯಲ್ಲಿ ಇದೇ ಮೇಷ್ಟರುಗಳು ಗುಡಿಯ ಜಗಲಿ, ಮರದ ಬುಡ ಹುಡುಕಿಕೊಂಡು ಹೋಗಿ ಪಾಠ ಹೇಳಲಿಲ್ಲವೇ? ಹೇಳಿದರು. ಆದರೆ ಫೋಟೋ ಇಲ್ಲದ ಪಾಠ ನಡೆಯಿತೆನ್ನಲು ಶಾಸ್ತ್ರಾಧಾರವಿಲ್ಲ.

ಕೊನೆಯದಾಗಿ, ಪಠ್ಯಪುಸ್ತಕದ ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿದರೆ ದೀಕ್ಷಾ ಆ್ಯಪಿನಲ್ಲಿ ವಿಡಿಯೋ ತೆರೆಯುತ್ತದೆ, ನೆಟ್‌ವರ್ಕ್ ಇದ್ದರೆ. ಈ ಶಾಲೆಯಲ್ಲಿ ನೆಟ್‌ವರ್ಕ್ ನೀರಿನ ಟ್ಯಾಂಕಿನ ಹತ್ತಿರ ಮಾತ್ರ ಸಿಗುವುದರಿಂದ ಮೇಡಂ ಮೊಬೈಲು ಹಿಡಿದು ಅಲ್ಲಿಗೆ ಹೋಗುತ್ತಾರೆ. ಅಷ್ಟು ಹೊತ್ತು ಒಳಗೆ ದೊಡ್ಡ ಮಕ್ಕಳು ಚಿಕ್ಕವರಿಗೆ ಕಾಗುಣಿತ ಹೇಳಿಕೊಡುತ್ತಾರೆ, ತಪ್ಪಿದರೆ ತಲೆಗೊಂದು ಮೊಟಕುತ್ತಾರೆ. ಮೊಬೈಲು ಆಗ ಕೋಣೆಯಲ್ಲಿ ಇರಲಿಲ್ಲವಾದ್ದರಿಂದ ಇದನ್ನು ಕಲಿಕೆಯೆಂದು ದಾಖಲಿಸಲಾಗಿಲ್ಲ.