ತುರಿಕಿ ನಂದು, ನಡುಕ ನಿಮ್ದು

ಯಲಬುರ್ಗಾ ದಾರಿಯ ಬೇಲಿಯಲ್ಲಿ ಜೋತುಬಿದ್ದಿದ್ದ ನಸುಗುನ್ನಿ ಕಾಯನ್ನು ನಾಲ್ಕು ಮಾರು ದೂರ ನಿಂತು ಮಾತಾಡಿಸಿದೆ. ಗಾಳಿ ಅದರ ಕಡೆಯಿಂದ ಬೀಸುತ್ತಿಲ್ಲ ಎಂದು ಮೊದಲೇ ನೋಡಿಕೊಂಡಿದ್ದೆ.

ನಾನು: ಊರಿಗೆಲ್ಲ ತುರಿಕೆ ಹಚ್ಚುವವರು ನೀವು. ಪಾರ್ಕಿನ್ಸನ್ ರೋಗಕ್ಕೂ ನಿಮಗೂ ಏನು ಸಂಬಂಧ?

ನಸುಗುನ್ನಿ: ಮ್ಯಾಲಿನ ರೋಮ ನೋಡಿ ಓಡ್ತೀರಿ, ಒಳಗಿನ ಬೀಜ ನೋಡಂಗಿಲ್ಲ. ಅದರಾಗ ಸುಮಾರು ನೂರಕ್ಕ ನಾಕೈದು ಪಾಲು ಲೆವೊಡೋಪಾ ಐತ್ರಿ. ಮಿದುಳಿನಾಗ ಡೋಪಮಿನ್ ಬತ್ತಿದೋರಿಗೆ ಡಾಕ್ಟರು ಇವತ್ತಿಗೂ ಬರಿಯೋದು ಅದನ್ನ.

ನಾನು: ಪತ್ತೆ ಮಾಡಿದವರು?

ನಸುಗುನ್ನಿ: ಮದ್ರಾಸಿನ ದಾಮೋದರನ್, ರಾಮಸ್ವಾಮಿ. 1937ರಾಗ ನನ್ನ ಬೀಜದಿಂದ ಬ್ಯಾರೆ ಮಾಡಿ ತಗದ್ರು. ಯಾತಕ್ಕ ಬರ್ತೈತಿ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ರೋಗಿ ನರಕ್ಕ ವಿಯೆನ್ನಾದಾಗ ಏರಿಸಿದ್ದು 1961ರಾಗ. ‘ಇದರಿಂದ ಏನು ಲಾಭ’ ಅಂತ ಕೇಳಿ ರೊಕ್ಕ ಕೊಡೋರಿಗೆ ಈ 24 ವರ್ಷದ ಲೆಕ್ಕ ತೋರಸ್ರಿ.

ನಾನು: ಹಾಗಾದರೆ ನಿಮ್ಮನ್ನೇ ಹುರಿದು ತಿಂದರಾಯಿತಲ್ಲ?

ನಸುಗುನ್ನಿ: ಆ ಬುದ್ಧಿ ಬ್ಯಾಡ್ರಿ! ಯಾವ ಬೀಜದಾಗ ಎಷ್ಟೈತಿ ಅಂತ ನನಗಾ ಗೊತ್ತಿಲ್ಲ. ಹೆಚ್ಚಾದ್ರ ವಾಂತಿ, ಇಲ್ಲದ್ದು ಕಣ್ಣಿಗೆ ಕಾಣೋದು. ಮತ್ತ ನಾ ಲಕ್ಷಣ ತಗ್ಗಸ್ತೀನಿ, ರೋಗ ನಿಲ್ಲಸಂಗಿಲ್ಲ.

ನಾನು: ನಿಲ್ಲಿಸಬೇಕಾದರೆ?

ನಸುಗುನ್ನಿ: ಮದ್ಲು ಬ್ಯಾಗ ಹಿಡೀಬೇಕು. ಕೈ ನಡುಗೋ ಹೊತ್ತಿಗೆ ಡೋಪಮಿನ್ ಮಾಡೋ ಕೋಶ ಭಾಳಷ್ಟು ಸತ್ತಿರ್ತಾವ. ಅದಕ್ಕ ಬಯೋಮಾರ್ಕರ್, ಅಂದ್ರ ಮೈಯೊಳಗಿನ ರೋಗದ ಗುರುತಿನ ಹುಡುಕಾಟ. ಅಮೆರಿಕದ ನಟ ಮೈಕೆಲ್ ಜೆ. ಫಾಕ್ಸ್ ತನಗಾ ರೋಗ ಬಂದ ಮ್ಯಾಲ 2000ದಾಗ ಪ್ರತಿಷ್ಠಾನ ಕಟ್ಟಿದ. ಅದರ ರೊಕ್ಕದಾಗ ನಡೆದ ಅಧ್ಯಯನ 2023ರಾಗ ಬೆನ್ನುಹುರಿ ನೀರಿನ್ಯಾಗ ಕೆಟ್ಟ ಆಲ್ಫಾ-ಸಿನ್ಯೂಕ್ಲಿನ್ ಅನ್ನೋ ಪ್ರೋಟೀನು ಗುರುತು ಹಿಡೀತು.

ನಾನು: ನಮ್ಮ ರಾಜ್ಯದಲ್ಲಿ?

ನಸುಗುನ್ನಿ: ಇನ್ಫೋಸಿಸ್ ಕಟ್ಟಿದವರಾಗ ಒಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ 225 ಕೋಟಿ ವಾಗ್ದಾನ ಮಾಡಿ, ಐಐಎಸ್‌ಸಿಯೊಳಗ ಮಿದುಳು ಸಂಶೋಧನಾ ಕೇಂದ್ರ ಎದ್ದೈತಿ. ಶ್ರೀನಿವಾಸಪುರದ ಹಳ್ಳ್ಯಾಗ 10,000 ಮಂದೀನ ವರ್ಷಗಟ್ಟಲೆ ನೋಡೋ ಯೋಜನಾ ಹಾಕ್ಯಾರ. ಅದು ಮರೆವಿನ ರೋಗಕ್ಕ. ಚಲೋನ ಆತು. ಆದರ ಗಂಗಾವತಿ ಗದ್ದಿ? ಪ್ಯಾರಾಕ್ವಾಟ್ ಅನ್ನೋ ಕಳೆನಾಶಕಕ್ಕೂ ಪಾರ್ಕಿನ್ಸನ್‌ಗೂ ನಂಟೈತಿ ಅಂತ ಹಲವು ಅಧ್ಯಯನ ಹೇಳ್ಯಾವ. ಬೆನ್ನಿಗೆ ಪಂಪು ಕಟ್ಟಿ ಎಣ್ಣಿ ಹೊಡಿಯೋರನ್ನ 20 ವರ್ಷ ನೋಡಾಕ ಯಾರ ಬಜೆಟ್ಟಿನ್ಯಾಗ ಖಾನಿ ಐತ್ರಿ?

ನಾನು: ಅಲ್ಲಿತನಕ ಕುಷ್ಟಗಿ, ಯಲಬುರ್ಗಾದಲ್ಲಿ ರೋಗ ಪತ್ತೆ ಮಾಡುವವರು?

ನಸುಗುನ್ನಿ: ಬ್ಯಾಂಕಿನ ಕ್ಯಾಷಿಯರು! ಈ ರೋಗದಾಗ ಬರಿಯೋ ಅಕ್ಷರ ಸಣ್ಣಾಗ್ತಾವ. ಮುದುಕಪ್ಪ ಪಿಂಚಣಿ ತಗೊಳ್ಳಾಕ ಹೋದ್ರ, ‘ಅಜ್ಜಾ, ಸಹಿ ಕೂಡವಲ್ದು’ ಅಂತ ಚೀಟಿ ಹೊರಗ ದೂಡ್ತಾನ. ಮೂರು ಸಲ ಬರೆಸಿ, ಕಡೀಕ ಹೆಬ್ಬೆಟ್ಟು. ಪುಕ್ಕಟ ಸಿಕ್ಕ ಗುರುತಿನ ಮ್ಯಾಲ ಶಾಯಿ ಒತ್ತಿ ಮುಗಿಸಿದ್ರು.

ನಾನು: ಕೊನೆಯದಾಗಿ?

ನಸುಗುನ್ನಿ: ಆ ಚೀಟಿ ಕಸಕ್ಕ ಹಾಕಬ್ಯಾಡ್ರಿ. ಒಬ್ಬನ ಹತ್ತು ವರ್ಷದ ಸಹಿ ಸಾಲಾಗಿ ಹೊಂದಿಸಿ, ಒಬ್ಬ ಡಾಕ್ಟರಿಗೆ ತೋರಸ್ರಿ. ಖರ್ಚು, ಒಂದು ಗುಂಡುಪಿನ್ನು.

ಮನೆಗೆ ಬಂದವನೇ ಹಳೆಯ ಚೆಕ್‌ಬುಕ್ಕಿನ ಸಹಿಯ ಪಕ್ಕ ಇವತ್ತಿನ ಸಹಿ ಹಾಕಿ ನೋಡಿದೆ. ಗಾಳಿ ನನ್ನ ಕಡೆ ಬೀಸಿರಲೇ ಇಲ್ಲ. ಆದರೂ ಮೈಯೆಲ್ಲ ಕೆರೆಯತೊಡಗಿತು.