ಮೂರು ವೈಪರು, ಒಂದು ಗುಟ್ಟು

ವೋಲ್ವೋ ಅಂದರೆ ನಮ್ಮ ಕಡೆ ಬಸ್ಸೇ ಬಿಡಿ. "ವೋಲ್ವೋದಲ್ಲಿ ಬಂದ್ವಿ" ಅಂದರೆ ರಾತ್ರಿಯಿಡೀ ಎಸಿಯಲ್ಲಿ ಕಂಬಳಿ ಹೊದ್ದು ಬಂದ್ವಿ ಅಂತಲೇ ಅರ್ಥ, ಅಲ್ವಾ? ನನಗೆ ಮಾತ್ರ ಆ ಹೆಸರು ಕಿವಿಗೆ ಬಿದ್ದರೆ ಅವರದೇ ಪಿ1800 ಕೂಪೆ ಕಾರು ಕಣ್ಣಿಗೆ ಕಟ್ಟುತ್ತೆ. ಹಿಂದೆಯೇ ಜಾಗ್ವಾರ್ ಇ-ಟೈಪೂ ಬಂದು ನಿಲ್ಲುತ್ತೆ. ಎರಡೂ 1961ರಲ್ಲಿ ರಸ್ತೆಗಿಳಿದವು ನೋಡಿ, ಒಂದೇ ವರ್ಷ ಹುಟ್ಟಿದ ದಾಯಾದಿ ಮಕ್ಕಳ ಹಾಗೆ.

ಇ-ಟೈಪಿನ ಉದ್ದ ಮೂತಿ, ಆರು ಸಿಲಿಂಡರು, ಗಂಟೆಗೆ 150 ಮೈಲಿಯ ಮಾತು ಎಲ್ಲ ಗೊತ್ತಿರೋದೇ. ವಿಮಾನದ ಕಾರ್ಖಾನೆಯಿಂದ ಬಂದ ಮಾಲ್ಕಂ ಸೇಯರ್ ಗಣಿತ ಹಾಕಿ ಬಳುಕಿಸಿದ ಮೈ ಅದು. ನಾನು ಸೋತಿದ್ದು ಅದರ ವೈಪರಿಗೆ. ಎಣಿಸಿ ನೋಡಿ, ಮೂರಿವೆ! ಗಾಜು ಅಗಲ, ಆದರೆ ಗಿಡ್ಡ. ಉದ್ದ ಕಡ್ಡಿಗೆ ಜಾಗವಿಲ್ಲ, ಗಿಡ್ಡ ಕಡ್ಡಿ ಎರಡೇ ಇಟ್ಟರೆ ಅಷ್ಟಗಲ ಒರೆಸೋಕಾಗಲ್ಲ. ಸರಿ, ಇನ್ನೊಂದಿರಲಿ ಅಂತ ಹಾಕಿದರು.

ವೈಪರ್ ಅಂದಾಗ ನೆನಪಾಯ್ತು. ನಾನು ಚಿಕ್ಕವನಿದ್ದಾಗ ಸೋದರಮಾವನ ಕಾರಿನ ವೈಪರು ಆಗುಂಬೆ ಘಾಟಿಯಲ್ಲೇ ಕೈಕೊಟ್ಟಿತ್ತು, ಅದೂ ಆಷಾಢದ ಮಳೆಯಲ್ಲಿ. ಮಾವ ಕಡ್ಡಿಗೆ ಎರಡು ಕಡೆ ತೆಂಗಿನ ಹುರಿ ಕಟ್ಟಿ ಹಿಂದಿನ ಕಿಟಕಿಗಳಿಂದ ಒಳಗೆ ತಂದರು. ಅತ್ತೆ ಒಂದು ಸಲ ಎಳೆಯೋದು, ನಾನೊಂದು ಸಲ ಎಳೆಯೋದು, ಥೇಟ್ ಮೊಸರು ಕಡೆದ ಹಾಗೆ! ಸೋಮೇಶ್ವರ ಮುಟ್ಟೋ ಹೊತ್ತಿಗೆ ಇಬ್ಬರೂ ತೊಪ್ಪೆ.

ಇರಲಿ, ವೋಲ್ವೋಗೆ ಬರೋಣ. ಅದರದ್ದೊಂದು ಗುಟ್ಟಿದೆ. ಯಜಮಾನ ಗುನ್ನಾರ್ ಎಂಗೆಲಾವ್ ಅವರಿಗೆ ಇಟಲಿಯವರ ಕೈಯ ಚೆಂದವೇ ಬೇಕಿತ್ತು. ಸಲಹೆಗಾರ ಹೆಲ್ಮರ್ ಪೆಟರ್ಸನ್ ಅವರ ಮಗ ಪೆಲ್ಲೆ ಆಗ ಅಲ್ಲೇ, ಇಟಲಿಯಲ್ಲಿ, ಕಾರಿನ ಮೈ ರೂಪಿಸೋ ಫ್ರುವಾ ಹತ್ತಿರ ಕೆಲಸಕ್ಕಿದ್ದ. ಅಪ್ಪ ಏನು ಮಾಡಿದರು? ಮಗನ ನಕ್ಷೆಯನ್ನೂ ಇಟಲಿಯವರ ನಕ್ಷೆಗಳ ಜೊತೆ ಸೇರಿಸಿಬಿಟ್ಟರು. ಯಜಮಾನರು ಆರಿಸಿದ್ದು ಅದನ್ನೇ! ಗುಟ್ಟು ರಟ್ಟಾದಾಗ ಅವರಿಗೆ ಸಿಟ್ಟು ನೆತ್ತಿಗೇರಿತು. ಎಷ್ಟೋ ವರ್ಷ ಕೀರ್ತಿಯೆಲ್ಲ ಫ್ರುವಾಗೇ ಹೋಯ್ತು. ಗೆರೆ ಎಳೆದ ಹುಡುಗನ ಹೆಸರೇ ಇಲ್ಲ ಅಂದರೆ ಹೊಟ್ಟೆ ಚುರ್ ಅನ್ನಲ್ವಾ? ಅದೇ ಪೆಲ್ಲೆ ಆಮೇಲೆ ಹಾಯಿದೋಣಿ ನಡೆಸಿ 1964ರ ಒಲಿಂಪಿಕ್ಸಿನಲ್ಲಿ ಕಂಚು, 1972ರಲ್ಲಿ ಬೆಳ್ಳಿ ತಂದರು. ನನಗಂತೂ ಬಲು ಸಮಾಧಾನ.

ಇನ್ನೊಂದು ಕೇಳಿ. 'ದಿ ಸೇಂಟ್' ಧಾರಾವಾಹಿಯವರು ಮೊದಲು ಕಾರು ಕೇಳಿದ್ದು ಜಾಗ್ವಾರಿನವರನ್ನ. ಅವರು ಕೊಡಲಿಲ್ಲ, ವೋಲ್ವೋದವರು ಕೊಟ್ಟರು. ಧಾರಾವಾಹಿಯ ನಾಯಕ ರೋಜರ್ ಮೂರ್ ಬಿಳಿ ಪಿ1800ರಲ್ಲಿ ಕೂತು ಹೊರಟರೆ ಊರೆಲ್ಲ ಅದರದ್ದೇ ಮಾತು.

ಓಟದಲ್ಲಿ ಜಾಗ್ವಾರ್ ಮುಂದೆ ವೋಲ್ವೋ ನಿಲ್ಲಲ್ಲ, ಒಪ್ಪಿದೆ. ಮನೆಮಂದಿ ಓಡಾಡೋ ವೋಲ್ವೋ ಅಮೆಜಾನ್ ಕಾರಿಗೆ ಹಾಕಿದ ನಾಲ್ಕು ಸಿಲಿಂಡರಿನ ಎಂಜಿನ್ನೇ ಇದಕ್ಕೂ. ಆದರೂ ನನ್ನ ಓಟು ಇದಕ್ಕೇ. ಇರ್ವ್ ಗಾರ್ಡನ್ ಅಂತ ಅಮೆರಿಕದ ವಿಜ್ಞಾನದ ಮೇಷ್ಟ್ರು 1966ರಲ್ಲಿ ಕೊಂಡ ಪಿ1800ನ್ನು ಓಡಿಸಿ ಓಡಿಸಿ, 2013ರಲ್ಲಿ ಅಲಾಸ್ಕದ ರಸ್ತೆಯಲ್ಲಿ 30 ಲಕ್ಷ ಮೈಲಿ ದಾಟಿಸಿದರು. ಒಂದೇ ಕಾರು ಕಣ್ರೀ! ಅದಕ್ಕಿರೋದು ಎರಡೇ ವೈಪರು. ಅಷ್ಟು ದೂರದಲ್ಲಿ ಎಷ್ಟು ಮಳೆ ಒರೆಸಿರಬೇಡ ಅವು, ಅಲ್ವಾ?